ಕ್ರೂಸರ್ ಬೈಕಿಗೆ ಮೈಗೊಗ್ಗುವ ಹ್ಯಾಂಡಲ್ ಆರಿಸುವ ಬಗೆ

ಹ್ಯಾಂಡಲ್ ಬದಲಿಸಬೇಕೆಂದು ಹೊರಟವರು ಹೆಚ್ಚಾಗಿ ಆಕಾರಕ್ಕೆ ಮರುಳಾಗುತ್ತಾರೆ. ಕೈ ಮೇಲೆತ್ತಿ ಹಿಡಿಯಬೇಕಾದ ಏಪ್ ಹ್ಯಾಂಗರ್ ಚೆಂದವೋ ಕಡ್ಡಿಯಂತೆ ನೇರವಿರುವ ಡ್ರ್ಯಾಗ್ ಬಾರ್ ಚೆಂದವೋ ಎಂದು ವಾರಗಟ್ಟಲೆ ಫೋಟೊ ನೋಡಿ ಕೊನೆಗೆ ಒಂದನ್ನು ತರಿಸಿ ಕೂರಿಸುತ್ತಾರೆ. ನೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಹೆಗಲು ಹಿಡಿದುಕೊಂಡಿರುತ್ತದೆ. ಕೈಗೆ ಆಕಾರ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಗ್ರಿಪ್ ಎಷ್ಟು ಎತ್ತರದಲ್ಲಿದೆ, ಎಷ್ಟು ಹತ್ತಿರದಲ್ಲಿದೆ, ಎಷ್ಟು ಅಗಲಕ್ಕಿದೆ, ಯಾವ ಓರೆಯಲ್ಲಿದೆ ಎಂಬ ನಾಲ್ಕೇ ಸಂಗತಿ. ಹ್ಯಾಂಡಲನ್ನು ನಡುವೆ ಬಿಗಿದು ಹಿಡಿಯುವ ಕ್ಲ್ಯಾಂಪಿನಿಂದ ಗ್ರಿಪ್ಪಿನವರೆಗೆ ಪೈಪು ಹೇಗೆ ಬಾಗಿ ಬಳುಕಿ ಬಂದಿದೆ ಎನ್ನುವುದು ನೋಡುವವರ ಕಣ್ಣಿಗೆ ಮಾತ್ರ. ಆದ್ದರಿಂದ ಗ್ರಿಪ್ ಎಲ್ಲಿ ಬರಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಅಲ್ಲಿಗೆ ಗ್ರಿಪ್ಪನ್ನು ತಂದು ನಿಲ್ಲಿಸುವ ಆಕಾರಗಳು ಹಲವು ಸಿಗುತ್ತವೆ, ಚೆಂದ ಕಂಡದ್ದನ್ನು ಅವುಗಳಲ್ಲಿ ಹುಡುಕಿ.

ನೋವು ಎಲ್ಲಿದೆ ನೋಡಿ

ಈಗಿರುವ ಹ್ಯಾಂಡಲ್ ಎಲ್ಲಿ ತಪ್ಪಿದೆ ಎಂಬುದನ್ನು ಮೈಯೇ ಹೇಳುತ್ತದೆ. ಒಂದೆರಡು ಗಂಟೆ ಎಡೆಬಿಡದೆ ಓಡಿಸಿ, ಇಳಿದ ತಕ್ಷಣ ಎಲ್ಲಿ ನೋಯುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಮರುದಿನದ ನೆನಪನ್ನು ನಂಬಬೇಡಿ, ಅಷ್ಟು ಹೊತ್ತಿಗೆ ಎಲ್ಲ ನೋವೂ ಒಂದೇ ಬೆನ್ನುನೋವಾಗಿರುತ್ತದೆ.

ಬೆನ್ನಿನ ಮೇಲ್ಭಾಗದಲ್ಲಿ, ಎರಡು ರೆಕ್ಕೆ ಮೂಳೆಗಳ ನಡುವೆ ಸುಟ್ಟಂತೆ ಆದರೆ ಗ್ರಿಪ್ ದೂರವಾಗಿದೆ ಎಂದರ್ಥ. ಕೈ ಚಾಚಿ ಚಾಚಿ ಹೆಗಲು ಮುಂದಕ್ಕೆ ಎಳೆದುಕೊಂಡಿರುತ್ತದೆ. ಕುತ್ತಿಗೆಯ ಬುಡದಿಂದ ಹೆಗಲಿನ ತುದಿಯವರೆಗಿನ ಸ್ನಾಯು ಬಿಗಿದರೆ ಗ್ರಿಪ್ ಎತ್ತರವಾಗಿದೆ. ಸೊಂಟದ ಹತ್ತಿರ ನೋವಾದರೆ ಎರಡು ಕಾರಣ ಇರಬಹುದು. ಗ್ರಿಪ್ ದೂರವಿದ್ದು ನೀವು ಬಿಲ್ಲಿನಂತೆ ಬಾಗಿ ಕೂತಿದ್ದೀರಿ, ಇಲ್ಲವೇ ತೀರಾ ಹತ್ತಿರವಿದ್ದು ಬೆನ್ನು ಕುಸಿದಿದೆ. ಬದಿಯಿಂದ ಒಬ್ಬರ ಕೈಲಿ ಫೋಟೊ ತೆಗೆಸಿದರೆ ಯಾವುದೆಂದು ತಕ್ಷಣ ಗೊತ್ತಾಗುತ್ತದೆ.

ಜೋಮು ಹಿಡಿಯುವುದನ್ನು ಬೆರಳು ಲೆಕ್ಕ ಹಾಕಿ ನೋಡಬೇಕು. ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿದರೆ ಅಂಗೈಯ ಹೊರ ಅಂಚಿನ ಮೇಲೆ ಭಾರ ಬೀಳುತ್ತಿದೆ, ಅಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತುತ್ತಿದೆ. ಗ್ರಿಪ್ಪಿನ ಓರೆ ಸರಿಯಿಲ್ಲದಿರುವುದು ಅಥವಾ ಮೈಭಾರ ಕೈ ಮೇಲೆ ಬರುವುದು ಇದಕ್ಕೆ ಕಾರಣ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಮುರಿದುಕೊಂಡು ಕೂತಿದೆ, ಮಧ್ಯದ ಮೀಡಿಯನ್ ನರಕ್ಕೆ ಜಾಗ ಸಾಲುತ್ತಿಲ್ಲ. ಐದೂ ಬೆರಳು ತಣ್ಣಗಾಗಿ ಮರಗಟ್ಟಿದರೆ ಕೈ ಎದೆಗಿಂತ ಬಹಳ ಮೇಲಿದೆ. ಎತ್ತರದ ಏಪ್ ಹ್ಯಾಂಗರ್ ಹಾಕಿದವರ ದೂರು ಇದೇ. ಬೈಕ್ ಇಳಿದ ಮೇಲೂ ದಿನಗಟ್ಟಲೆ ಜೋಮು ಹೋಗದಿದ್ದರೆ ಹ್ಯಾಂಡಲ್ ಅಂಗಡಿಗಿಂತ ಮೊದಲು ವೈದ್ಯರನ್ನು ಕಾಣಿ.

ಕಾಲಿಡುವ ಜಾಗವನ್ನು ಮರೆಯಬೇಡಿ. ಫಾರ್ವರ್ಡ್ ಕಂಟ್ರೋಲ್ ಇರುವ ಬೈಕಿನಲ್ಲಿ ಕಾಲು ಮುಂದಿರುವುದರಿಂದ ಮೈಭಾರವೆಲ್ಲ ಬಾಲಮೂಳೆಯ ಮೇಲೆ ಕೂರುತ್ತದೆ, ಕಾಲೊತ್ತಿ ಮೇಲೇಳಲು ಆಗುವುದಿಲ್ಲ. ಆ ಬೈಕಿಗೆ ಎತ್ತರವೇ ಇಲ್ಲದ ಡ್ರ್ಯಾಗ್ ಬಾರ್ ಹಾಕಿದರೆ ಕೈಕಾಲು ಎರಡೂ ಮುಂದೆ, ಸೊಂಟ ಹಿಂದೆ. ಎತ್ತರದ ಆಳು ಇದನ್ನು ಅರ್ಧ ಗಂಟೆ ತಾಳಿಕೊಂಡಾನು. ಕಾಲು ಮಂಡಿಯ ಕೆಳಗೇ ಬರುವ ಮಿಡ್ ಕಂಟ್ರೋಲ್ ಬೈಕಿನಲ್ಲಿ ಅದೇ ಡ್ರ್ಯಾಗ್ ಬಾರ್ ಅಷ್ಟೇನೂ ಕಾಡುವುದಿಲ್ಲ.

ಇರುವುದನ್ನೇ ಮೊದಲು ತಿರುಗಿಸಿ

ಹೊಸದನ್ನು ಕೊಳ್ಳುವ ಮೊದಲು ಕ್ಲ್ಯಾಂಪ್ ಬೋಲ್ಟುಗಳನ್ನು ಸಡಿಲಿಸಿ ಹಳೆಯ ಹ್ಯಾಂಡಲನ್ನೇ ಸ್ವಲ್ಪ ಹಿಂದಕ್ಕೋ ಮುಂದಕ್ಕೋ ತಿರುಗಿಸಿ ನೋಡಿ. 10 ಇಂಚು ಎತ್ತರವಿರುವ ಹ್ಯಾಂಡಲನ್ನು 10 ಡಿಗ್ರಿ ಹಿಂದಕ್ಕೆ ತಿರುಗಿಸಿದರೆ ಗ್ರಿಪ್ ಸುಮಾರು ಒಂದೂಮುಕ್ಕಾಲು ಇಂಚು ಹತ್ತಿರ ಬರುತ್ತದೆ. ಅದರ ಜೊತೆಗೇ 8 ಇಂಚು ಹಿಂಬಾಗು, ಅಂದರೆ ಸವಾರನ ಕಡೆ ಬಾಗಿ ಬಂದ ದೂರ, ಇದ್ದರೆ ಗ್ರಿಪ್ ಸುಮಾರು ಒಂದೂವರೆ ಇಂಚು ಕೆಳಗೂ ಇಳಿಯುತ್ತದೆ, ಗ್ರಿಪ್ಪಿನ ಹೊರತುದಿ ನೆಲದ ಕಡೆ ಬಾಗುತ್ತದೆ. ಅಂದರೆ ಒಂದನ್ನು ಸರಿಮಾಡಲು ಹೋಗಿ ಇನ್ನೆರಡು ಬದಲಾಗುತ್ತವೆ. ಮಣಿಕಟ್ಟು ನೆಟ್ಟಗಿರುವವರೆಗೆ ಮಾತ್ರ ಈ ಉಪಾಯ.

ಹ್ಯಾಂಡಲಿನ ನೇರ ಕಾಲುಗಳು ಬದಿಯಿಂದ ನೋಡಿದಾಗ ಮುಂದಿನ ಫೋರ್ಕಿನ ಸಾಲಿನಲ್ಲೇ, ಅಥವಾ ಅದಕ್ಕಿಂತ ಸ್ವಲ್ಪ ನೆಟ್ಟಗೆ ಇರಬೇಕು. ಫೋರ್ಕಿನ ಸಾಲು ದಾಟಿ ತೀರಾ ಹಿಂದಕ್ಕೆ ಮಲಗಿಸಿದರೆ ತಿರುವಿನಲ್ಲಿ ಬೈಕ್ ದೋಣಿಯ ಚುಕ್ಕಾಣಿಯಂತೆ ವರ್ತಿಸುತ್ತದೆ. ಕೈಯನ್ನು ಮುಂದೆ ಹಿಂದೆ ತಳ್ಳುವ ಬದಲು ಅಡ್ಡಡ್ಡಕ್ಕೆ ಬೀಸಬೇಕಾಗುತ್ತದೆ.

ತಿರುಗಿಸಿದಾಗಲೆಲ್ಲ ಬ್ರೇಕ್ ಮತ್ತು ಕ್ಲಚ್ ಲಿವರನ್ನೂ ಹೊಂದಿಸಿ. ಸೀಟಿನಲ್ಲಿ ಕೂತು ಬೆರಳು ಚಾಚಿದಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಹೋಗಿ ಲಿವರ್ ಮೇಲೆ ಬೀಳಬೇಕು. ಕೈನೋವು ಹ್ಯಾಂಡಲಿನದ್ದೆಂದು ತಿಳಿದವರಲ್ಲಿ ಎಷ್ಟೋ ಜನಕ್ಕೆ ಇಲ್ಲಿಗೇ ಕೆಲಸ ಮುಗಿಯುತ್ತದೆ.

ಎರಡು ಕೋಲು, ಒಂದು ಟೇಪು

ತಿರುಗಿಸಿಯೂ ಸರಿಹೋಗದಿದ್ದರೆ ಅಳತೆಗೆ ಕೂರಬೇಕು. ಸಮನೆಲದಲ್ಲಿ ಬೈಕನ್ನು ನೆಟ್ಟಗೆ ನಿಲ್ಲಿಸಿ, ಒಬ್ಬರು ಹಿಡಿದುಕೊಳ್ಳಲಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿ ನಿಂತ ಬೈಕಿನ ಅಳತೆಗೆ ಅರ್ಥವಿಲ್ಲ. ಓಡಿಸುವಾಗ ಹಾಕುವ ಜಾಕೆಟ್, ಗ್ಲೌಸ್, ಬೂಟು ಎಲ್ಲ ಹಾಕಿಕೊಳ್ಳಿ. ದಪ್ಪ ಜಾಕೆಟ್ಟಿನ ತೋಳೇ ಅರ್ಧ ಇಂಚು ಕೈ ಕದಿಯುತ್ತದೆ.

ಪೊರಕೆ ಕೋಲನ್ನೋ ಒಂದಿಂಚಿನ ಪ್ಲಾಸ್ಟಿಕ್ ಪೈಪನ್ನೋ ಒಂದೊಂದು ಗೇಣುದ್ದ ಎರಡು ತುಂಡು ಮಾಡಿ, ಪ್ರತಿ ಮುಷ್ಟಿಯಲ್ಲಿ ಒಂದು ಹಿಡಿಯಿರಿ. ಕಾಲನ್ನು ಫುಟ್‌ರೆಸ್ಟ್ ಮೇಲಿಟ್ಟು, ಕಣ್ಣು ಮುಚ್ಚಿ, ಹೆಗಲು ಇಳಿಬಿಟ್ಟು, ಮೊಣಕೈ ಸ್ವಲ್ಪ ಬಾಗಿಸಿ, ಕೈ ಎಲ್ಲಿಗೆ ತಾನಾಗಿ ಹೋಗುತ್ತದೋ ಅಲ್ಲಿ ನಿಲ್ಲಿಸಿ. ಈಗ ಕಣ್ಣು ಬಿಟ್ಟು ಕೋಲುಗಳನ್ನು ನೋಡಿ. ಅವು ಒಂದೇ ನೇರ ಗೆರೆಯಲ್ಲಿ ಇರುವುದಿಲ್ಲ. ಹೆಬ್ಬೆರಳಿನ ಕಡೆಯ ತುದಿಗಳು ಮೇಲಕ್ಕೂ ಮುಂದಕ್ಕೂ ಇರುತ್ತವೆ, ಕಿರುಬೆರಳಿನ ಕಡೆಯ ತುದಿಗಳು ಕೆಳಕ್ಕೂ ನಿಮ್ಮ ಕಡೆಗೂ ಬಾಗಿರುತ್ತವೆ. ಆ ಓರೆಯೇ ನಿಮ್ಮ ಮಣಿಕಟ್ಟು ಕೇಳುತ್ತಿರುವುದು. ಕಡ್ಡಿ ನೇರವಿರುವ ಡ್ರ್ಯಾಗ್ ಬಾರ್ ಕೆಲವರ ಕಿರುಬೆರಳನ್ನು ಏಕೆ ಕೊಲ್ಲುತ್ತದೆ ಎಂಬುದು ಈ ಎರಡು ಕೋಲು ಹಿಡಿದಾಗ ತಿಳಿಯುತ್ತದೆ.

ಜೊತೆಗಿರುವವರು ಈಗ ಟೇಪು ಹಿಡಿಯಲಿ. ರೈಸರ್, ಅಂದರೆ ಹ್ಯಾಂಡಲನ್ನು ಎತ್ತಿ ಹಿಡಿಯುವ ಗಿಡ್ಡ ಕಂಬ, ಅದರ ಮೇಲಿನ ಕ್ಲ್ಯಾಂಪಿನ ನಡುಭಾಗವನ್ನು ಮೂಲವೆಂದು ಇಟ್ಟುಕೊಂಡು, ಕೋಲಿನ ನಡುಭಾಗ ಅದಕ್ಕಿಂತ ಎಷ್ಟು ಮೇಲಿದೆ, ಎಷ್ಟು ಹಿಂದಿದೆ, ಕೋಲುಗಳ ಹೊರತುದಿಗಳ ನಡುವೆ ಎಷ್ಟು ಅಗಲವಿದೆ ಎಂದು ಬರೆದುಕೊಳ್ಳಲಿ. ಹಿಂದಿನ ದೂರ ಅಳೆಯಲು ಕೋಲಿಗೆ ದಾರ ಕಟ್ಟಿ ಒಂದು ನಟ್ಟು ತೂಗಬಿಟ್ಟರೆ ಸಲೀಸು. ಇಳಿದು, ಸ್ವಲ್ಪ ಓಡಾಡಿ, ಮತ್ತೆ ಕೂತು ಅಳೆಯಿರಿ. ನಾಲ್ಕು ಸಲದ ಅಳತೆ ಒಂದು ಇಂಚಿನೊಳಗೆ ಹೊಂದಿದರೆ ನಂಬಬಹುದು. ಹೊಂದದಿದ್ದರೆ ಸೀಟಿನಲ್ಲಿ ನೀವು ಒಂದೇ ಜಾಗದಲ್ಲಿ ಕೂರುತ್ತಿಲ್ಲ. ಆಗ ಹ್ಯಾಂಡಲ್ ಬಿಟ್ಟು ಸೀಟಿನ ಕಡೆ ನೋಡಿ.

ಈಗಿರುವ ಗ್ರಿಪ್ಪಿನ ನಡುಭಾಗವನ್ನೂ ಅದೇ ಮೂಲದಿಂದ ಅಳೆಯಿರಿ. ಎರಡರ ವ್ಯತ್ಯಾಸವೇ ನಿಮ್ಮ ಖರೀದಿ ಚೀಟಿ. ಒಂದೂವರೆ ಇಂಚು ಮೇಲೆ, ಎರಡು ಇಂಚು ಹಿಂದೆ, ಅಗಲ ಹಾಗೇ ಇರಲಿ, ಈ ಬಗೆಯದು. ವ್ಯತ್ಯಾಸ ಇಷ್ಟು ಕಡಿಮೆ ಇರುವುದು ಕಂಡು ಅನೇಕರಿಗೆ ಆಶ್ಚರ್ಯವಾಗುತ್ತದೆ. ಆರಾಮಕ್ಕೆ ಬೇಕಾದ ಬದಲಾವಣೆ ಹೆಚ್ಚಿನ ಸಲ ಎರಡು ಮೂರು ಇಂಚಿನದ್ದೇ.

ಇದರ ಮೇಲೆ ಎರಡು ತಿದ್ದುಪಡಿ ಬೇಕು. ಒಂದು ಗಾಳಿ. ನಿಂತ ಬೈಕಿನಲ್ಲಿ ನೆಟ್ಟಗೆ ಕೂರುವುದು ಹಾಯೆನಿಸುತ್ತದೆ. ಹೆದ್ದಾರಿಯ ವೇಗದಲ್ಲಿ ಗಾಳಿ ಎದೆಗೆ ಬಡಿದಾಗ ಅದೇ ಭಂಗಿಯಲ್ಲಿ ಹ್ಯಾಂಡಲ್ ಹಿಡಿದು ಜೋತುಬೀಳಬೇಕಾಗುತ್ತದೆ. ಮುಂದೆ ವಿಂಡ್‌ಶೀಲ್ಡ್ ಇಲ್ಲದಿದ್ದರೆ, ಹೆಚ್ಚು ವೇಗದಲ್ಲಿ ದೂರ ಹೋಗುವವರಾದರೆ, ಕೋಲು ಹೇಳಿದ್ದಕ್ಕಿಂತ ಒಂದಿಂಚು ಮುಂದೆ ಇಟ್ಟುಕೊಳ್ಳಿ.

ಇನ್ನೊಂದು ಪೂರ್ತಿ ತಿರುವು. ಅಗಲದ ಹ್ಯಾಂಡಲ್ ತಿರುಗಿಸಲು ಹಗುರ, ಸನ್ನೆಗೋಲು ಉದ್ದವಾದಷ್ಟೂ ಬಲ ಕಡಿಮೆ ಸಾಕು. ಆದರೆ ಕೈ ಹೆಚ್ಚು ದೂರ ಓಡಬೇಕು. 36 ಇಂಚು ಅಗಲದ ಹ್ಯಾಂಡಲನ್ನು 35 ಡಿಗ್ರಿ ತಿರುಗಿಸಿದರೆ ಹೊರಗಿನ ಗ್ರಿಪ್ಪಿನ ತುದಿ ಮುಂದಕ್ಕೆ 10 ಇಂಚಿಗೂ ಮೀರಿ ಹೋಗುತ್ತದೆ. 30 ಇಂಚಿನದ್ದಾದರೆ ಎಂಟೂವರೆ, ಒಂಬತ್ತು. ಗಿಡ್ಡ ತೋಳಿನವರು ಯೂ ಟರ್ನ್ ಹೊಡೆಯುವಾಗ ಹೊರಗಿನ ಕೈ ಸಿಗದೆ ಸೀಟಿನಿಂದ ಏಳುವುದು ಇದರಿಂದಲೇ. ಒಳಗಿನ ಗ್ರಿಪ್ಪು ಅದೇ ಹೊತ್ತಿಗೆ ತೊಡೆಗೋ ಟ್ಯಾಂಕಿಗೋ ಬಂದು ತಾಗುತ್ತದೆ. ಹೆಗಲಿನ ಅಗಲಕ್ಕಿಂತ ಪ್ರತಿ ಬದಿಗೆ ನಾಲ್ಕೈದು ಇಂಚು ಹೊರಗಿದ್ದರೆ ಬಹುಮಂದಿಗೆ ಸಾಕು.

ಅಳತೆಪಟ್ಟಿಯ ಮೋಸ

ತಯಾರಕರು ಹ್ಯಾಂಡಲಿಗೆ ಕೊಡುವ ಅಳತೆಗಳು ಇವು: ರೈಸ್ ಅಂದರೆ ಎತ್ತರ, ಪುಲ್‌ಬ್ಯಾಕ್ ಅಂದರೆ ಹಿಂಬಾಗು, ತುದಿಯಿಂದ ತುದಿಗೆ ಒಟ್ಟು ಅಗಲ, ಸೆಂಟರ್ ವಿಡ್ತ್ ಅಂದರೆ ಕ್ಲ್ಯಾಂಪಿನಲ್ಲಿ ಕೂರುವ ನಡುವಿನ ಭಾಗದ ಅಗಲ. ತೊಂದರೆ ಏನೆಂದರೆ ಎಲ್ಲರೂ ಒಂದೇ ರೀತಿ ಅಳೆಯುವುದಿಲ್ಲ. ರೈಸನ್ನು ಒಬ್ಬರು ಪೈಪಿನ ತಳದಿಂದ ಅತಿ ಎತ್ತರದ ಬಾಗಿನವರೆಗೆ ಅಳೆಯುತ್ತಾರೆ, ಇನ್ನೊಬ್ಬರು ಗ್ರಿಪ್ಪಿನ ತುದಿಯವರೆಗೆ. ಬಕ್‌ಹಾರ್ನ್ ಥರದ ಹ್ಯಾಂಡಲಿನಲ್ಲಿ ಬಾಗು ಮೇಲೇರಿ ಗ್ರಿಪ್ ಮತ್ತೆ ಕೆಳಗಿಳಿಯುವುದರಿಂದ ಈ ಎರಡರ ನಡುವೆ ಹಲವು ಇಂಚು ವ್ಯತ್ಯಾಸ ಬರುತ್ತದೆ. ಪುಲ್‌ಬ್ಯಾಕ್ ಇನ್ನೂ ಜಾರು ಸಂಖ್ಯೆ, ಹ್ಯಾಂಡಲನ್ನು ಯಾವ ಕೋನದಲ್ಲಿ ಇಟ್ಟು ಅಳೆದರು ಎಂಬುದರ ಮೇಲೆ ಅದು ನಿಂತಿದೆ.

ಆದ್ದರಿಂದ ಹಳೆಯ ಹ್ಯಾಂಡಲನ್ನು ಬಿಚ್ಚಿ ತಯಾರಕರು ತೋರಿಸಿದ ಚಿತ್ರದಂತೆಯೇ ನೆಲದ ಮೇಲಿಟ್ಟು, ಅವರು ಬಾಣ ಹಾಕಿದ ಜಾಗಗಳಲ್ಲೇ ಅಳೆದು ಹೋಲಿಸಿ. ಬಿಚ್ಚಿದ್ದನ್ನು ದೊಡ್ಡ ರಟ್ಟಿನ ಮೇಲಿಟ್ಟು ಪೆನ್ಸಿಲ್‌ನಲ್ಲಿ ಸುತ್ತ ಗೆರೆ ಎಳೆಯಿರಿ, ಮುಂದಿನಿಂದ ಒಂದು, ಬದಿಯಿಂದ ಒಂದು. ಬಯಸಿದ ಗ್ರಿಪ್ಪಿನ ಜಾಗವನ್ನು ಅದೇ ರಟ್ಟಿನ ಮೇಲೆ ಗುರುತಿಸಿ. ಆಮೇಲೆ ಯಾವ ಹ್ಯಾಂಡಲಿನ ಅಳತೆ ಸಿಕ್ಕಿದರೂ ರಟ್ಟಿನ ಮೇಲೆ ಎಳೆದು ನೋಡಿದರೆ ಮುಗಿಯಿತು.

ಪೈಪಿನ ದಪ್ಪದಲ್ಲಿ ಊಹೆಗೆ ಜಾಗವಿಲ್ಲ. ವರ್ನಿಯರ್ ಕ್ಯಾಲಿಪರ್ ಹಿಡಿದು ಕ್ಲ್ಯಾಂಪಿನ ಬಳಿ ಒಮ್ಮೆ, ಗ್ರಿಪ್ ಬಿಚ್ಚಿ ತುದಿಯಲ್ಲಿ ಒಮ್ಮೆ ಅಳೆಯಿರಿ. 22.2 ಮಿ.ಮೀ. ಬಂದರೆ ಅದು ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚಿನ, ಅಂದರೆ 7/8 ಇಂಚಿನ ಪೈಪು; 25.4 ಬಂದರೆ ಒಂದಿಂಚಿನದು. ಹೆಚ್ಚಿನ ಹಾರ್ಲೆ ಡೇವಿಡ್‌ಸನ್ ಬೈಕುಗಳದು ಒಂದಿಂಚು. ಉಳಿದ ಕ್ರೂಸರ್‌ಗಳಲ್ಲಿ ಎರಡೂ ಉಂಟು. 1¼ ಇಂಚಿನ ಬೊಜ್ಜು ಹ್ಯಾಂಡಲ್ ಕ್ಲ್ಯಾಂಪಿನಲ್ಲೂ ಗ್ರಿಪ್ಪಿನಲ್ಲೂ ಸಾಮಾನ್ಯವಾಗಿ ಒಂದಿಂಚಿಗೇ ಇಳಿಯುತ್ತದೆ, ನಡುವೆ ಮಾತ್ರ ದಪ್ಪ. ಕ್ಲ್ಯಾಂಪಿನಲ್ಲಿ ತೆಳು ಪೈಪಿಗೆ ಸುತ್ತ ಸ್ಲೀವ್ ಹಾಕಿ ಕೂರಿಸಬಹುದು. ಸ್ವಿಚ್ಚು, ಲಿವರ್, ಆಕ್ಸಿಲರೇಟರ್ ಟ್ಯೂಬುಗಳಿಗೆ ಆ ಉಪಾಯ ಇಲ್ಲ, ತುದಿಯ ದಪ್ಪ ಮೊದಲಿದ್ದಷ್ಟೇ ಇರಬೇಕು.

ತುದಿಯಲ್ಲಿ ನೇರ ಭಾಗ ಎಷ್ಟಿದೆ ಎಂದೂ ನೋಡಿ. ಗ್ರಿಪ್ಪಿಗೆ ಸುಮಾರು 5 ಇಂಚು, ಸ್ವಿಚ್ಚಿಗೆ ಎರಡರ ಹತ್ತಿರ, ಲಿವರ್ ಕಟ್ಟಿಗೆ ಒಂದೂವರೆ. ಎಂಟೊಂಬತ್ತು ಇಂಚು ನೇರವಿರಲೇಬೇಕು. ಹಿಂದಕ್ಕೆ ಉದ್ದವಾಗಿ ಬರುವ ಬೀಚ್ ಬಾರುಗಳಲ್ಲಿ ಇದು ಸಲೀಸಾಗಿ ಸಿಗುತ್ತದೆ, ಕೆಲವು ಪುಟ್ಟ ಬಕ್‌ಹಾರ್ನುಗಳಲ್ಲಿ ಸಿಗದೆ ಲಿವರ್ ಬಾಗಿನ ಮೇಲೆ ಹೋಗಿ ಕೂರುತ್ತದೆ. ನಡುವಿನ ನೇರ ಭಾಗವೂ ಎರಡು ಕ್ಲ್ಯಾಂಪುಗಳ ಹೊರ ಅಂಚಿಗಿಂತ ಉದ್ದವಿರಬೇಕು. ಹಾರ್ಲೆಯಲ್ಲಿ ರೈಸರ್ ನಡುವಿಂದ ನಡುವಿಗೆ ಮೂರೂವರೆ ಇಂಚು, ಬೇರೆ ಬೈಕುಗಳಲ್ಲಿ ಅಳೆದೇ ತಿಳಿಯಬೇಕು.

ಯಾವ ಆಕಾರ ಯಾರಿಗೆ

ಹಿಂದಕ್ಕೆ ಉದ್ದವಾಗಿ ಬಂದು ಅಗಲವಾಗಿ ಹರಡುವ ಬೀಚ್ ಬಾರ್ ಗಿಡ್ಡ ತೋಳಿನವರಿಗೂ ಬೆನ್ನು ನೆಟ್ಟಗಿಟ್ಟು ನಿಧಾನಕ್ಕೆ ಸಾಗುವವರಿಗೂ ಒಗ್ಗುತ್ತದೆ; ಬಿಗಿ ತಿರುವಿನಲ್ಲಿ ಮಂಡಿಗೆ ಬಡಿಯುವ ಗುಣ ಅದಕ್ಕಿದೆ. ಡ್ರ್ಯಾಗ್ ಬಾರ್ ಉದ್ದ ತೋಳು, ಮಿಡ್ ಕಂಟ್ರೋಲ್, ಚುರುಕು ಸವಾರಿಗೆ. ಟಿ ಬಾರ್ ಎಂದರೆ ಡ್ರ್ಯಾಗ್ ಬಾರಿಗೆ ಎತ್ತರದ ರೈಸರನ್ನು ಬೆಸೆದಂತೆ, ಓರೆ ಬದಲಿಸಲು ಆಗುವುದಿಲ್ಲ ಎಂಬುದನ್ನು ನೆನಪಿಡಿ. ಬಕ್‌ಹಾರ್ನ್ ಕಣ್ಣಿಗೆ ಆರಾಮ ಕುರ್ಚಿಯ ಕೈಯಂತೆ ಕಾಣುತ್ತದೆ, ಆದರೆ ಗ್ರಿಪ್ಪು ಬಹಳ ಒಳಕ್ಕೆ ತಿರುಗಿರುವುದರಿಂದ ಮಣಿಕಟ್ಟು ಕಿರುಬೆರಳ ಕಡೆ ಮುರಿಯುತ್ತದೆ. ಕೊಳ್ಳುವ ಮೊದಲು ಕೋಲಿನ ಓರೆಗೆ ಹೋಲಿಸಿ ನೋಡಲೇಬೇಕಾದದ್ದು ಇದನ್ನೇ.

ಏಪ್ ಹ್ಯಾಂಗರ್ ಬಗ್ಗೆ ಒಂದು ಮಾತು. 10ರಿಂದ 12 ಇಂಚಿನ ಮಿನಿ ಏಪ್ ಅನೇಕ ಎತ್ತರದ ಸವಾರರಿಗೆ ನಿಜಕ್ಕೂ ಆರಾಮ, ಕೈ ಎದೆಯ ಮಟ್ಟದಲ್ಲೇ ನಿಲ್ಲುತ್ತದೆ. 16 ಇಂಚಿನ ಮೇಲೆ ಅದು ಆರಾಮದ ಮಾತಲ್ಲ, ಶೋಕಿಯ ಮಾತು. ಶೋಕಿ ತಪ್ಪಲ್ಲ, ಆದರೆ ಜೋಮು ಹಿಡಿದಾಗ ಹ್ಯಾಂಡಲನ್ನು ಬೈಯಬಾರದು. ಕೆಲವು ಕಡೆ ಗ್ರಿಪ್ ಸವಾರನ ಭುಜಕ್ಕಿಂತ ಮೇಲಿರಬಾರದೆಂಬ ಕಾನೂನಿದೆ, ಕೆಲವು ಕಡೆ ಸೀಟಿನಿಂದ ಎತ್ತರ ಅಳೆಯುತ್ತಾರೆ. ನಿಮ್ಮಲ್ಲಿ ಏನಿದೆಯೆಂದು ಕೊಳ್ಳುವ ಮೊದಲೇ ತಿಳಿದುಕೊಳ್ಳಿ.

ವ್ಯತ್ಯಾಸ ಬರೀ ಎತ್ತರದ್ದೋ ಬರೀ ದೂರದ್ದೋ ಆಗಿದ್ದು, ಈಗಿನ ಗ್ರಿಪ್ಪಿನ ಓರೆ ಹಿಡಿಸಿದ್ದರೆ ಹ್ಯಾಂಡಲನ್ನೇ ಬದಲಿಸಬೇಕಿಲ್ಲ. ಒಂದೂವರೆ, ಎರಡು ಇಂಚು ಎತ್ತರದ ರೈಸರೋ, ಹಿಂದಕ್ಕೆ ವಾಲಿದ ಪುಲ್‌ಬ್ಯಾಕ್ ರೈಸರೋ ಸಾಕು. ಕೆಲಸ ಅರ್ಧಕ್ಕರ್ಧ ಕಡಿಮೆ. ರೈಸರುಗಳು ರಬ್ಬರ್ ಬುಷ್ ಮೇಲೆ ಕೂತಿರುವ ಬೈಕುಗಳಲ್ಲಿ ಎತ್ತರ ಹೆಚ್ಚಿದಷ್ಟೂ ಹ್ಯಾಂಡಲ್ ಮುಂದೆ ಹಿಂದೆ ತೂಗುತ್ತದೆ. ಹಳೆಯ ರಬ್ಬರ್ ಮೆತ್ತಗಾಗಿದ್ದರೆ ಹೊಸದು ಹಾಕಿ, ಅಥವಾ ಗಟ್ಟಿ ಪಾಲಿಯುರೆಥೇನ್ ಬುಷ್ ಹಾಕಿ. ಗಟ್ಟಿ ಬುಷ್ ಹಾಕಿದರೆ ತೂಗಾಟ ನಿಂತು ಎಂಜಿನ್ನಿನ ಅದುರು ಕೈಗೆ ಹೆಚ್ಚು ತಲುಪುತ್ತದೆ. ಎರಡೂ ಬೇಡವೆಂದರೆ ಎತ್ತರ ಇಳಿಸಬೇಕು.

ಅದುರಿನ ಮಟ್ಟಿಗೆ ಪೈಪಿನ ಲೋಹಕ್ಕಿಂತ ತುದಿಯ ತೂಕ ಹೆಚ್ಚು ಕೆಲಸ ಮಾಡುತ್ತದೆ. ಭಾರದ ಬಾರ್ ಎಂಡ್ ಹಾಕಿದರೆ ಹ್ಯಾಂಡಲ್ ಝೇಂಕರಿಸುವ ವೇಗ ಬೇರೆ ಕಡೆಗೆ ಸರಿಯುತ್ತದೆ, ನೀವು ಸದಾ ಓಡಿಸುವ ವೇಗದಲ್ಲಿ ಅದು ಬರದಿದ್ದರೆ ಸಾಕು. ಗ್ರಿಪ್ಪಿನ ದಪ್ಪವೂ ನೋಡಿ. ಹಿಡಿದಾಗ ಬೆರಳ ತುದಿ ಅಂಗೈಗೆ ಇನ್ನೇನು ತಾಗಬೇಕು ಅನ್ನುವಷ್ಟಿರಬೇಕು. ಅದಕ್ಕಿಂತ ದಪ್ಪವಾದರೆ ಅದುರು ಕಡಿಮೆಯಾದರೂ ಮುಂಗೈ ದಣಿಯುತ್ತದೆ.

ಕೇಬಲ್ಲಿನ ಲೆಕ್ಕ

ಖರ್ಚು ಮತ್ತು ತಲೆನೋವು ಎರಡೂ ಇರುವುದು ಇಲ್ಲಿ. ಹ್ಯಾಂಡಲ್ ಒಂದೇ ತುಂಡು ಪೈಪು. ಅದರ ಜೊತೆ ಕ್ಲಚ್ ಕೇಬಲ್, ಎರಡು ಆಕ್ಸಿಲರೇಟರ್ ಕೇಬಲ್, ಮುಂದಿನ ಬ್ರೇಕ್ ಹೋಸು, ಎರಡು ಬದಿಯ ಸ್ವಿಚ್ ವೈರು ಬರುತ್ತವೆ.

ಎರಡು ಇಂಚಿನೊಳಗಿನ ಬದಲಾವಣೆಗೆ ಹಳೆಯ ಕೇಬಲ್ಲುಗಳನ್ನೇ ದಾರಿ ಬದಲಿಸಿ ಎಳೆದುಕೊಳ್ಳಲು ಹೆಚ್ಚಿನ ಸಲ ಆಗುತ್ತದೆ. ಅದಕ್ಕಿಂತ ಹೆಚ್ಚಾದರೆ ಹೊಸದು ಬೇಕೆಂದೇ ಲೆಕ್ಕ ಹಾಕಿ. ಎಷ್ಟು ಉದ್ದ ಬೇಕೆಂಬುದಕ್ಕೆ ಅಂದಾಜು ಹೀಗೆ: ಎತ್ತರದಲ್ಲಿ ಹೆಚ್ಚಿದ್ದು, ಹಿಂಬಾಗಿನಲ್ಲಿ ಹೆಚ್ಚಿದ್ದು, ಅಗಲದಲ್ಲಿ ಹೆಚ್ಚಿದ್ದರ ಅರ್ಧ, ಮೂರನ್ನೂ ಕೂಡಿ. ಹಳೆಯದು 6 ಇಂಚು ಎತ್ತರ, 8 ಹಿಂಬಾಗು, 32 ಅಗಲ. ಹೊಸದು 10, 10, 34 ಎಂದುಕೊಳ್ಳಿ. 4 ಮತ್ತು 2 ಮತ್ತು 1, ಒಟ್ಟು 7 ಇಂಚು. ಕೇಬಲ್ ಓರೆಯಾಗಿ ಹಾಯುವುದರಿಂದ ನಿಜವಾಗಿ ಬೇಕಾಗುವುದು ಇದಕ್ಕಿಂತ ತುಸು ಕಡಿಮೆ, ಆದರೆ ಗಿಡ್ಡದ ಕಡೆ ತಪ್ಪುವುದಕ್ಕಿಂತ ಇದು ಲೇಸು. ಹಾಗೆಂದು 12 ಇಂಚು ಉದ್ದದ್ದು ತಂದರೆ ಅದೂ ಕಷ್ಟ: ಉಳಿದದ್ದು ಸುರುಳಿಯಾಗಿ ಹೆಡ್‌ಲೈಟಿನ ಮುಂದೆ ನೇತಾಡುತ್ತದೆ, ಬಾಗು ಹೆಚ್ಚಾಗಿ ಕ್ಲಚ್ ಬಿಗಿಯಾಗುತ್ತದೆ.

ಇದಕ್ಕಿಂತ ನಂಬಿಕೆಯ ದಾರಿ ಎಂದರೆ ಹೊಸ ಹ್ಯಾಂಡಲನ್ನು ಸಡಿಲವಾಗಿ ಕೂರಿಸಿ, ಕೇಬಲ್ ಹೋಗಬೇಕಾದ ದಾರಿಯಲ್ಲಿ ದಪ್ಪ ಹಗ್ಗವನ್ನು ಹಾಯಿಸಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲಿ ಹೆಚ್ಚು ಎಳೆಯುತ್ತದೋ ಅಲ್ಲಿಯ ಉದ್ದ ತೆಗೆದುಕೊಳ್ಳುವುದು. ಕೇಬಲ್ಲನ್ನು ಅದಾದ ಮೇಲೆ ತರಿಸಿ.

ವೈರು ಸಾಲದಿದ್ದರೆ ಅದೇ ಬಣ್ಣದ, ಅದೇ ದಪ್ಪದ ತುಂಡು ಸೇರಿಸಿ ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗಿ ಕೂರುವ ಹೀಟ್ ಶ್ರಿಂಕ್ ಕೊಳವೆ ಹೊದಿಸಿ. ಎಲ್ಲ ಜೋಡಣೆಗಳೂ ಒಂದೇ ಜಾಗದಲ್ಲಿ ಬರದಂತೆ ಒಂದೊಂದು ಇಂಚು ಹಿಂದೆ ಮುಂದೆ ಮಾಡಿ. ಇಲ್ಲವಾದರೆ ಅಲ್ಲೊಂದು ಗಂಟು ಬೆಳೆದು ಪೈಪಿನೊಳಗೆ ಹೋಗುವುದೇ ಇಲ್ಲ. ವೈರನ್ನು ಪೈಪಿನೊಳಗೆ ಹಾಯಿಸುವ ಹ್ಯಾಂಡಲ್ ಆದರೆ ತೂತುಗಳ ಅಂಚನ್ನು ಬೆರಳಿಂದ ಸವರಿ ನೋಡಿ. ಬೆರಳಿಗೆ ಚುಚ್ಚಿದ್ದು ವೈರಿನ ಹೊದಿಕೆಯನ್ನೂ ಕೊಯ್ಯುತ್ತದೆ. ಅರದಿಂದ ತೀಡಿ, ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ (ಗ್ರಾಮೆಟ್) ಹಾಕಿ. ಮೊದಲು ದಾರ ತೂರಿಸಿ, ಅದಕ್ಕೆ ವೈರು ಕಟ್ಟಿ, ಟಾಲ್ಕಂ ಪೌಡರ್ ಸವರಿ ಎಳೆದರೆ ಬರುತ್ತದೆ. ಆಕ್ಸಿಲರೇಟರ್ ಕೇಬಲ್ಲೇ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಬೈಕುಗಳಲ್ಲಿ ಸೆನ್ಸರ್ ಪೈಪಿನ ಬಲತುದಿಯ ಒಳಗೇ ಕೂರುವುದುಂಟು. ಅಂಥದಕ್ಕೆ ತುದಿಯಲ್ಲಿ ಕಚ್ಚು ಕೊರೆದ ಹ್ಯಾಂಡಲೇ ಆಗಬೇಕು.

ಕೂರಿಸುವಾಗ

ಮೊದಲು ಫೋಟೊ. ಪ್ರತಿ ಕೇಬಲ್ಲು ಯಾವುದರ ಹಿಂದೆ, ಯಾವುದರ ಮೇಲೆ ಹಾದಿದೆ ಎಂದು ನಾಲ್ಕೂ ಕಡೆಯಿಂದ ತೆಗೆದಿಟ್ಟುಕೊಳ್ಳಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟ್ಯಾಂಕಿನ ಮೇಲೆ ದಪ್ಪ ಕಂಬಳಿ ಹೊದಿಸಿ. ಬ್ರೇಕ್ ಹೋಸು ಬಿಚ್ಚದೆ ಕೆಲಸ ಮಾಡುವುದಾದರೆ ಲಿವರಿನ ಬಳಿ ಬ್ರೇಕ್ ಆಯಿಲ್ ತುಂಬಿರುವ ಮಾಸ್ಟರ್ ಸಿಲಿಂಡರನ್ನು ತಲೆಕೆಳಗಾಗಿ ನೇತಾಡಲು ಬಿಡಬೇಡಿ, ನೆಟ್ಟಗೆ ಎಲ್ಲಿಗಾದರೂ ಕಟ್ಟಿ; ತಲೆಕೆಳಗಾದರೆ ಗಾಳಿ ಒಳಸೇರುತ್ತದೆ. ಹೋಸು ಬದಲಿಸುವುದಾದರೆ ಹೋಸಿನ ತುದಿಯನ್ನು ಬಿಗಿಯುವ ಬ್ಯಾಂಜೊ ಬೋಲ್ಟಿನ ಜೊತೆ ಹೋಸಿನ ಎರಡೂ ಬದಿಗೆ ಬರುವ ವಾಷರ್ ಹೊಸದಾಗಿರಲಿ, ಹಳೆಯದು ಒಮ್ಮೆ ಚಪ್ಪಟೆಯಾದ ಮೇಲೆ ಸೋರುತ್ತದೆ. ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೆ ಯಾವ ಡಾಟ್ (ಬ್ರೇಕ್ ಆಯಿಲಿನ ದರ್ಜೆ) ಎಂದು ಬರೆದಿದೆಯೋ ಅದೇ ಬ್ರೇಕ್ ಆಯಿಲ್ ಹಾಕಿ. ಡಾಟ್ 5 ಸಿಲಿಕೋನ್ ಜಾತಿಯದು, ಅದನ್ನು 3, 4, 5.1ರ ಜೊತೆ ಬೆರೆಸುವಂತಿಲ್ಲ. ಡಾಟ್ 4 ಪೇಂಟಿನ ಮೇಲೆ ಬಿದ್ದರೆ ಒರೆಸುತ್ತ ಕೂರದೆ ತಕ್ಷಣ ನೀರು ಸುರಿಯಿರಿ.

ಮೊದಲಿನ ಸ್ವಿಚ್ ಡಬ್ಬಿಯ ಒಳಗೆ ಒಂದು ಪುಟ್ಟ ಮೊಳೆ ಇರುವುದುಂಟು, ಹಳೆಯ ಪೈಪಿನ ತೂತಿನಲ್ಲಿ ಅದು ಕೂತಿರುತ್ತದೆ. ಹೊಸ ಪೈಪಿಗೆ ಆ ತೂತು ಇರುವುದಿಲ್ಲ. ಅದನ್ನು ಗಮನಿಸದೆ ಸ್ಕ್ರೂ ಬಿಗಿದರೆ ಡಬ್ಬಿ ಸೀಳುತ್ತದೆ. ಸ್ವಿಚ್ಚನ್ನು ಕೈಗೆ ಸರಿಹೋಗುವ ಜಾಗದಲ್ಲಿ ಹಿಡಿದು ಗುರುತು ಮಾಡಿ, ಆ ಮೊಳೆಯಷ್ಟೇ ತೂತು ಕೊರೆಯಿರಿ. ಮೊಳೆಯನ್ನೇ ಅರದಿಂದ ಉಜ್ಜಿ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಆಕ್ಸಿಲರೇಟರ್ ತಿರುಚಿದಾಗ ಡಬ್ಬಿಯೇ ಜಾರಿ ತಿರುಗುವ ಅಪಾಯವಿದೆ.

ಕ್ಲ್ಯಾಂಪಿನಲ್ಲಿ ಕೂರುವ ಒರಟು ಗೀರಿನ ಭಾಗವನ್ನು ಆಲ್ಕೋಹಾಲಿನಿಂದ ಒರೆಸಿ, ಗ್ರೀಸು ಎಳ್ಳಷ್ಟೂ ಇರಬಾರದು. ಮೇಲಿನ ಕ್ಲ್ಯಾಂಪಿಗೆ ಬಾಣವೋ ಚುಕ್ಕೆಯೋ ಇದ್ದರೆ ಅದು ಯಾವ ಕಡೆ ಬರಬೇಕು, ಯಾವ ಬೋಲ್ಟುಗಳನ್ನು ಮೊದಲು ಪೂರ್ತಿ ಬಿಗಿಯಬೇಕು ಎಂದು ಬೈಕಿನ ಸರ್ವಿಸ್ ಪುಸ್ತಕದಲ್ಲಿ ನೋಡಿ. ಕೆಲವು ಕ್ಲ್ಯಾಂಪುಗಳಲ್ಲಿ ಒಂದು ಕಡೆ ಸಂದು ಮುಚ್ಚಿ ಇನ್ನೊಂದು ಕಡೆ ಉಳಿಯುವುದೇ ಸರಿ, ಕೆಲವಲ್ಲಿ ಎರಡೂ ಕಡೆ ಸಮ ಇರಬೇಕು. 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಬಿಗಿ, ಆದರೆ ಪುಸ್ತಕದ ಸಂಖ್ಯೆಯೇ ಕೊನೆಯ ಮಾತು. ಟಾರ್ಕ್ ರೆಂಚ್ ಇಲ್ಲದೆ ಈ ನಾಲ್ಕು ಬೋಲ್ಟುಗಳಿಗೆ ಕೈ ಹಾಕಬೇಡಿ: ಸಡಿಲವಾದರೆ ಬ್ರೇಕ್ ಹಿಡಿದಾಗ ಹ್ಯಾಂಡಲ್ ಮುಂದಕ್ಕೆ ಮಗುಚುತ್ತದೆ, ಅತಿಯಾದರೆ ಅಲ್ಯೂಮಿನಿಯಂ ರೈಸರಿನ ಥ್ರೆಡ್ ಕಿತ್ತು ಬರುತ್ತದೆ.

ಓಡಿಸುವ ಮೊದಲಿನ ತಪಾಸಣೆ

ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಟ್ಯಾಂಕಿಗೂ ಹ್ಯಾಂಡಲಿನ ಯಾವುದೇ ಭಾಗಕ್ಕೂ ನಡುವೆ ಬೆರಳು ತೂರುವಷ್ಟು ಜಾಗವಿದೆಯೇ ನೋಡಿ. ಹೆಬ್ಬೆರಳು ನಡುವೆ ಸಿಕ್ಕಿಬೀಳುತ್ತದೆಯೇ ಎಂದೂ ನೋಡಿ. ವಿಂಡ್‌ಶೀಲ್ಡ್ ಇದ್ದರೆ ಲಿವರ್ ಅದಕ್ಕೆ ತಾಗಬಾರದು.

ಬಯಲಿನಲ್ಲಿ ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ, ಐಡಲ್‌ನಲ್ಲಿ ಬಿಟ್ಟು, ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ಎಲ್ಲಿಯಾದರೂ ಎಂಜಿನ್ನಿನ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ. ಹಾಗೇ ರಸ್ತೆಗೆ ಹೋದರೆ ಯೂ ಟರ್ನಿನ ಮಧ್ಯೆ ಬೈಕ್ ತಾನೇ ಮುಂದಕ್ಕೆ ಹಾರುತ್ತದೆ. ಆಕ್ಸಿಲರೇಟರನ್ನು ಎರಡೂ ತುದಿಯಲ್ಲಿ ತಿರುಚಿ ಬಿಡಿ, ಟಪ್ಪನೆ ವಾಪಸು ಬರಬೇಕು. ಕ್ಲಚ್ ಲಿವರಿನ ಬುಡದಲ್ಲಿ 2ರಿಂದ 3 ಮಿ.ಮೀ. ಸಡಿಲ ಯಾವ ತಿರುವಿನಲ್ಲೂ ಉಳಿಯಬೇಕು.

ಬ್ರೇಕ್ ಲಿವರನ್ನು ಬಲವಾಗಿ ಹಿಡಿದು ಒಂದು ನಿಮಿಷ ಹಾಗೇ ಇರಿ. ಮೆಲ್ಲಗೆ ಗ್ರಿಪ್ಪಿನ ಕಡೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಉಳಿದಿದೆ, ಮತ್ತೆ ಬ್ಲೀಡ್ ಮಾಡಿ, ಅಂದರೆ ಗಾಳಿಯನ್ನು ಹೊರಬಿಡಿಸಿ. ಎತ್ತರದ ಹ್ಯಾಂಡಲಿನಲ್ಲಿ ಗುಳ್ಳೆ ಬ್ಯಾಂಜೊ ಬೋಲ್ಟಿನ ಬಳಿಯೇ ಕೂತಿರುವುದು ಹೆಚ್ಚು, ಅಲ್ಲಿಂದಲೂ ಗಾಳಿ ಬಿಡಿಸಬೇಕು. ಇಂಡಿಕೇಟರ್, ಹಾರ್ನ್, ಬ್ರೇಕ್ ಲೈಟು, ಕಿಲ್ ಸ್ವಿಚ್ಚುಗಳನ್ನು ಹ್ಯಾಂಡಲ್ ನೇರವಿದ್ದಾಗ ಮಾತ್ರವಲ್ಲ, ಎರಡೂ ಕಡೆ ಪೂರ್ತಿ ತಿರುಗಿಸಿಯೂ ಒತ್ತಿ ನೋಡಿ. ಕನ್ನಡಿಯಲ್ಲಿ ಈಗ ನಿಮ್ಮ ಮೊಣಕೈ ಮಾತ್ರ ಕಾಣುತ್ತಿದ್ದರೆ ಉದ್ದ ಕಾಲಿನ ಕನ್ನಡಿ ಬೇಕಾದೀತು.

ಮೊದಲ 100 ಕಿಲೋಮೀಟರ್ ಆದ ಮೇಲೆ ಕ್ಲ್ಯಾಂಪ್ ಮತ್ತು ರೈಸರ್ ಬೋಲ್ಟುಗಳ ಬಿಗಿಯನ್ನು ಮತ್ತೆ ನೋಡಿ. ಬೋಲ್ಟಿನ ತಲೆಯಿಂದ ಕ್ಲ್ಯಾಂಪಿನ ಮೇಲೆ ಪೇಂಟಿನ ಒಂದು ಸಣ್ಣ ಗೆರೆ ಎಳೆದಿಟ್ಟರೆ ಮುಂದೆ ಕಣ್ಣಲ್ಲೇ ಗೊತ್ತಾಗುತ್ತದೆ. ಹಳೆಯ ಹ್ಯಾಂಡಲನ್ನು, ಅದರ ಕೇಬಲ್ಲುಗಳ ಸಮೇತ, ಮಾರದೆ ಒಂದೆರಡು ತಿಂಗಳು ಇಟ್ಟುಕೊಂಡಿರಿ.